ಗೇಟಿನ ಹತ್ತಿರ ಕಡಿಯುವ ಅಕ್ಕನ ಕರೆ

ಮಾತು ಶುರು ಮಾಡುವುದು ಯಾರಿಗೂ ಕಷ್ಟವಲ್ಲ, ಮುಗಿಸುವುದೇ ಕಷ್ಟ. ನಮ್ಮ ಕಡೆ ನೆಂಟರ ಮನೆಗೆ ಹೋದವರು ‘ಬರ್ತೀವಿ’ ಎಂದು ಎದ್ದ ಮೇಲೆ ನಿಜವಾಗಿ ಹೊರಡಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಎದ್ದು ನಿಂತಾಗ ಒಂದು ಸುತ್ತು ಮಾತು, ಕುಂಕುಮ ಇಡುವಾಗ ಒಂದು ಸುತ್ತು, ಚಪ್ಪಲಿ ಹುಡುಕುವಾಗ ಇನ್ನೊಂದು. ಗಾಡಿ ಸ್ಟಾರ್ಟ್ ಮಾಡಿದ ಮೇಲೆ, ಬಂದದ್ದು ಯಾವ ವಿಷಯಕ್ಕೋ ಆ ವಿಷಯ. ಇದನ್ನು ದೋಷವೆಂದು ನಾನು ಹೇಳುತ್ತಿಲ್ಲ. ನನ್ನನ್ನು ಎತ್ತಿ ಆಡಿಸಿದ ಅಜ್ಜಿಯ ಪ್ರಕಾರ, ಹಿರಿಯರು ಮಾತಾಡುತ್ತಿರುವಾಗ ನಡುವೆ ಎದ್ದು ಹೋಗುವುದೂ ಒಂದೇ, ಪಂಕ್ತಿಯಲ್ಲಿ ಹಿರಿಯರು ಉಂಡು ಏಳುವ ಮೊದಲು ಎದ್ದು ಕೈ ತೊಳೆಯುವುದೂ ಒಂದೇ. ಆ ಪಾಠವನ್ನು ನಾನು ಫೋನಿಗೂ ಅನ್ವಯಿಸಿಕೊಂಡು ಬಂದವನು. ಹಿರಿಯರ ಕರೆ ಬಂದರೆ ಅವರು ‘ಇಡ್ಲೇನಪ್ಪ?’ ಎನ್ನುವ ತನಕ ನಾನು ಇಡುವುದಿಲ್ಲ. ಅವರು ಇಡಲು ಮರೆತು ಫೋನನ್ನು ಅಕ್ಕಿ ಡಬ್ಬದ ಮೇಲೆ ಬಿಟ್ಟು ಹೋದರೂ, ಅವರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸುತ್ತ ಕಾದಿದ್ದೇನೆ. ಇಂಥ ನನ್ನ ಮೇಲೆ, ಹೋದ ಸಲದ ದೀಪಾವಳಿ ಕಳೆದ ಮೇಲೆ, ‘ಅಕ್ಕನ ಮಾತನ್ನು ಅರ್ಧಕ್ಕೇ ಕತ್ತರಿಸುವವನು’ ಎಂಬ ಆಪಾದನೆ ಬಂತು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು. ಬಹಳ ವರ್ಷ ದಾವಣಗೆರೆಯ ಆನೆಕೊಂಡದ ಬಾಡಿಗೆ ಮನೆಯಲ್ಲಿದ್ದು, ಈಗ ಶಾಮನೂರಿನ ಆಚೆಗೆ ಎದ್ದಿರುವ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿಕೊಂಡಿದ್ದೇನೆ. ಮನೆ ಕಟ್ಟುವಾಗ ವಾಸ್ತು ನೋಡಿಸಿದೆವು, ನೀರು ನೋಡಿಸಿದೆವು. ಸಿಗ್ನಲ್ ನೋಡಿಸಬೇಕೆಂದು ಯಾರೂ ಹೇಳಲಿಲ್ಲ. ಮನೆಯ ಒಳಗೆ ಕಾಲಿಟ್ಟರೆ ಮೊಬೈಲಿನ ಗೆರೆಗಳೆಲ್ಲ ಮಾಯ. ಆದ್ದರಿಂದ ವೈಫೈ ಹಾಕಿಸಿದೆವು. ಈ ವೈಫೈ ಒಳ್ಳೆಯ ಸೊಸೆಯ ಹಾಗೆ ಮನೆಯನ್ನೆಲ್ಲ ತುಂಬಿಕೊಂಡಿದ್ದು ಗೇಟಿನವರೆಗೆ ಬಂದು ನಿಲ್ಲುತ್ತದೆ. ಹೊರಗಿನ ಟವರಿನ ಸಿಗ್ನಲ್ ರಸ್ತೆಯಾಚೆಯ ಖಾಲಿ ಸೈಟಿನಲ್ಲಿರುವ ಹೊಂಗೆ ಮರದಿಂದ ಶುರುವಾಗುತ್ತದೆ. ಗೇಟಿಗೂ ಮರಕ್ಕೂ ನಡುವೆ ಎಂಟು ಹೆಜ್ಜೆ. ಎರಡು ರಾಜ್ಯಗಳ ಗಡಿಯಲ್ಲಿ ಯಾರ ಆಳ್ವಿಕೆಯೂ ಇಲ್ಲದ ಜಾಗ ಇರುತ್ತಿತ್ತೆಂದು ಮಕ್ಕಳಿಗೆ ಪಾಠ ಮಾಡಿದ್ದೆ. ಅಂಥದ್ದೊಂದು ನನ್ನ ಮನೆಯ ಮುಂದೆಯೇ ಸಿಕ್ಕಿತು.

ಸುಮ್ಮನೆ ಒಳಗೆ ಕೂತು ಮಾತಾಡಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಕಷ್ಟವೇನೆಂದರೆ, ನನಗೆ ಕೂತು ಮಾತಾಡಲು ಬರುವುದಿಲ್ಲ. ಬೆಂಚುಗಳ ನಡುವೆ ಅತ್ತಿಂದಿತ್ತ ನಡೆಯುತ್ತಲೇ ಮೊಘಲರನ್ನೂ ಮಣ್ಣಿನ ಸವಕಳಿಯನ್ನೂ ಮುಗಿಸಿದವನು ನಾನು. ಫೋನ್ ಕಿವಿಗೆ ಬಂದರೆ ಕಾಲು ತಾನಾಗಿ ಎದ್ದು ನಿಲ್ಲುತ್ತದೆ. ಹಾಲ್‌ನಿಂದ ಪಡಸಾಲೆ, ಪಡಸಾಲೆಯಿಂದ ಅಂಗಳ, ಅಂಗಳದಿಂದ ಗೇಟು. ಗೇಟು ದಾಟಿದರೆ ಕರೆ ಕಟ್.

ವೈಫೈ ಹಾಕಿದ ಕೇಬಲ್ ಮಂಜಣ್ಣನನ್ನು ಕರೆಸಿದೆ. ಮಂಜಣ್ಣ ನನ್ನಷ್ಟೇ ವಯಸ್ಸಿನವನು, ದಪ್ಪ ಮೀಸೆಯವನು. ಯಾವ ಯಂತ್ರದ ಬಗ್ಗೆ ಹೇಳಿದರೂ ಮನುಷ್ಯರ ಬಗ್ಗೆ ಹೇಳಿದಂತೆ ಕೇಳಿಸುತ್ತದೆ. ನನ್ನ ಫೋನು ಹಿಡಿದು ಗೇಟಿನಿಂದ ಮರಕ್ಕೆ, ಮರದಿಂದ ಗೇಟಿಗೆ ನಾಲ್ಕು ಸಲ ಓಡಾಡಿ ಬಂದು ಹೇಳಿದ:

‘ಸಾರ್, ವೈಫೈದು ತಪ್ಪಿಲ್ಲ, ಟವರಿಂದೂ ತಪ್ಪಿಲ್ಲ. ನಿಮ್ಮ ಫೋನಿಗೆ ಮೋಹ ಜಾಸ್ತಿ. ಒಂದೇ ಒಂದು ಗೆರೆ ಉಳಿದಿದ್ರೂ ವೈಫೈನ ತಬ್ಕಂಡು ನಿಂದ್ರತೈತೆ. ಅದು ಪೂರ್ತಿ ಕೈಬಿಟ್ಟ ಮ್ಯಾಲೆ ಟವರ್ ಹುಡ್ಕಾಕ್ ಹೋಗ್ತೈತೆ. ಅಷ್ಟ್ರಾಗೆ ನಿಮ್ಮ ಮಾತು ನಡುರಸ್ತೇಲಿ ಬಿದ್ದಿರ್ತೈತೆ.’

‘ಮುಂಚೆಯೇ ಆ ಕಡೆ ಒಂದು ಕೈ ಹಿಡ್ಕೊಂಡು, ಆಮೇಲೆ ಈ ಕೈ ಬಿಡಬಾರ್ದೇನಪ್ಪ?’

‘ಅಷ್ಟು ಬುದ್ಧಿ ಇರೋ ಫೋನು ಬಂದಾವಂತೆ. ನಿಮ್ದು ಅದಲ್ಲ. ಗೇಟಿಗೆ ಹೋಗೋಕೆ ಮೊದ್ಲೇ ವೈಫೈ ಆಫ್ ಮಾಡ್ರಿ. ಇಲ್ಲಾಂದ್ರೆ ಗೇಟಿಗೆ ಇನ್ನೊಂದು ಡಬ್ಬಿ ಕೂರ್ಸನ, ಮರದ ತನ ಬರ್ತೈತೆ.’

ಅಲ್ಲಿಯವರೆಗೆ ಸುಮ್ಮನೆ ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ವಿಶಾಲ ತಲೆ ಎತ್ತಿದಳು. ‘ಹೊಂಗೆ ಮರಕ್ಕೆ ಯಾಕ್ರೀ ವೈಫೈ? ಅದೇನು ಆನ್‌ಲೈನ್ ಕ್ಲಾಸ್ ಕೇಳ್ತೈತಾ? ಮನೆಯಾಗೆ ಕುಂತು ಆಡೋವಂಥ, ಗುಟ್ಟಿಲ್ಲದ ಮಾತು ಆಡ್ರಿ, ಸಾಕು.’

ಡಬ್ಬಿಯ ಮಾತು ಅಲ್ಲಿಗೆ ನಿಂತಿತು.

ಈ ಫೋನಿನ ಇನ್ನೊಂದು ಸ್ವಭಾವವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಮ್ಮೆ ಯಾರ ವೈಫೈ ಹಿಡಿಯಿತೋ ಅವರನ್ನು ಅದು ಜನ್ಮದಲ್ಲಿ ಮರೆಯುವುದಿಲ್ಲ. ಕೊಬ್ಬು ಜಾಸ್ತಿಯಾಗಿದೆ, ಬೆಣ್ಣೆ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ನಾನೂ ಮುಟ್ಟುವುದಿಲ್ಲವೆಂದು ವಿಶಾಲಳಿಗೆ ಮಾತು ಕೊಟ್ಟಿದ್ದೆ. ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ದೋಸೆ ಬಿಡುವುದೆಂದರೆ ಹೊಳೆಯ ದಡದಲ್ಲಿದ್ದು ಸ್ನಾನ ಬಿಟ್ಟ ಹಾಗೆ. ಆದರೂ ಮಾತು ಮಾತೇ. ಒಂದು ಸಂಜೆ ಇಬ್ಬರೂ ಪೇಟೆಗೆ ಹೋಗಿದ್ದೆವು. ಅವಳು ನನ್ನ ಫೋನಿನಲ್ಲಿ ಮಗಳು ಕಳಿಸಿದ ಸೀರೆಯ ಫೋಟೊ ನೋಡುತ್ತ ದೋಸೆ ಹೋಟೆಲಿನ ಮುಂದೆ ನಿಂತಿದ್ದಳು. ಫೋನು ಟಿಣ್ ಎಂದಿತು. ಆ ಹೋಟೆಲಿನ ವೈಫೈಗೆ, ಯಾರನ್ನೂ ಕೇಳದೆ, ತವರು ಮನೆಗೆ ನುಗ್ಗಿದ ಹಾಗೆ ಸೇರಿಕೊಂಡಿತ್ತು. ವಿಶಾಲ ಪರದೆ ನೋಡಿದಳು, ಹೋಟೆಲಿನ ಬೋರ್ಡು ನೋಡಿದಳು, ನನ್ನ ಹೊಟ್ಟೆ ನೋಡಿದಳು. ‘ಇದಕ್ಕೆ ಈ ಮನೆ ಬಾಳ ಪರಿಚಯ ಇದ್ದಂಗೈತಲ್ಲ’ ಎಂದಷ್ಟೇ ಹೇಳಿದಳು.

ಇಷ್ಟೇ ಆಗಿದ್ದರೆ ನಗಾಡಿ ಮರೆಯಬಹುದಿತ್ತು. ಆದರೆ ವಿಷಯ ಅಕ್ಕನ ತನಕ ಹೋಯಿತು. ನನ್ನ ಅಕ್ಕ ಗಿರಿಜಕ್ಕ ಇರುವುದು ಹರಿಹರದಲ್ಲಿ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನನಗೆ ಅಕ್ಷರ ತೀಡಿಸಿದವಳೂ ಅವಳೇ, ಸುಳ್ಳು ಹೇಳಿದಾಗ ಕಿವಿ ಹಿಂಡಿದವಳೂ ಅವಳೇ. ‘ಮುಖ ಕಾಣದ ಮಾತು ಏನು ಮಾತು?’ ಎಂದು ವಿಡಿಯೊ ಕರೆಯನ್ನೇ ಮಾಡುತ್ತಾಳೆ. ನನ್ನ ಒಬ್ಬಳೇ ಮಗಳು ಪಲ್ಲವಿಗೆ ಗಂಡು ಗೊತ್ತಾಗಿತ್ತು. ನಿಶ್ಚಿತಾರ್ಥದ ದಿನ ಹುಡುಗಿಗೆ ಮೊದಲ ಉಡಿ ತುಂಬಬೇಕಾದವಳು ಸೋದರತ್ತೆ. ಅವಳು ತುಂಬದೆ ಬೇರೆ ಯಾರೂ ಅಕ್ಕಿ ಮುಟ್ಟುವಂತಿಲ್ಲ. ಅದು ನಮ್ಮ ಮನೆತನದ ಪದ್ಧತಿ. ಪಲ್ಲವಿಗೆ ಇರುವುದು ಒಬ್ಬಳೇ ಸೋದರತ್ತೆ.

ಅಕ್ಕನಿಗೆ ದಿನ ತಿಳಿಸಲು ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, ಸಂತೋಷಪಟ್ಟು, ಕೊನೆಗೆ ಅವಳು ಕೇಳಿದಳು: ‘ಅಲ್ಲಪ್ಪಾ ತಮ್ಮಾ, ಗಂಡಿನ ಕಡೆಯೋರು ಹೆಣ್ಣು ನೋಡೋಕೆ ಬಂದ ದಿವ್ಸ ನನ್ನ ಯಾಕ ಕರೀಲಿಲ್ಲ?’

ಕರೆ ಕಟ್ ಆಯಿತು.

ಮತ್ತೆ ಹಚ್ಚಿದೆ. ನೆಟ್‌ವರ್ಕಿಗೆ ಬೈದೆವು, ಅವಳ ಸೊಸೆಯ ಸುದ್ದಿ, ಮಂಡಿನೋವಿನ ಸುದ್ದಿ ಆಯಿತು. ‘ಅದಿರ್ಲಿ, ಆವತ್ತು ಯಾಕ ಕರೀಲಿಲ್ಲ?’ ಮತ್ತೆ ಕಟ್. ಮಾರನೆಯ ದಿನವೂ ಹಾಗೇ. ಆ ಕಡೆ ಪರದೆಯಲ್ಲಿ ನನ್ನ ಮುಖ ಬಾಯಿ ತೆರೆದು, ಒಂದು ಕಣ್ಣು ಮುಚ್ಚಿ, ಹಾಗೇ ನಿಂತುಹೋಗುತ್ತಿತ್ತಂತೆ. ಮೂರನೆಯ ಸಲದ ನಂತರ ಅಕ್ಕ ನನ್ನ ಕರೆ ಎತ್ತುವುದನ್ನೇ ಬಿಟ್ಟಳು. ಭಾವ ಎತ್ತಿ, ‘ನಿಮ್ಮಕ್ಕ ಒಳಗೆ ಅದಾಳೆ. ಮಾತು ಪೂರ್ತಿ ಕೇಳೋರು ಇದ್ರೆ ಕರೀರಿ ಅಂದ್ಲು ನೋಡಪ್ಪ’ ಎಂದರು. ನಿಶ್ಚಿತಾರ್ಥಕ್ಕೆ ಹನ್ನೆರಡು ದಿನ ಉಳಿದಿತ್ತು. ಮನೆಯಲ್ಲಿ ಪಲ್ಲವಿ, ‘ಅತ್ತೆ ಬರ್ದಿದ್ರೆ ನಾನು ಹಸೆ ಮೇಲೆ ಕೂರಲ್ಲ’ ಎಂದಳು. ಹೇಳಿದ್ದು ಮೆತ್ತಗೆ, ಆದರೆ ಅವಳ ಮೆತ್ತಗಿನ ಮಾತು ಹೇಗಿರುತ್ತದೆಂದು ನನಗೆ ಗೊತ್ತು.

ಮುಂದಿನ ಭಾನುವಾರ ನಿಶ್ಚಿತಾರ್ಥದ ಕರೆಯೋಲೆಗಳನ್ನು ತೆಗೆದುಕೊಂಡು ಬರಲು ಬಸ್ ಸ್ಟ್ಯಾಂಡಿನ ಕಡೆ ಹೋಗಿದ್ದೆ. ಅಲ್ಲಿದ್ದಾಗ ಅಕ್ಕನೇ ಕರೆ ಮಾಡಿದಳು! ಎದೆ ಹಿಗ್ಗಿತು. ನಾನು ಬಯಲಲ್ಲಿದ್ದೆ, ಟವರಿನ ನಾಲ್ಕೂ ಗೆರೆ ನಿಂತಿದ್ದವು. ಮಂಜಣ್ಣ ಹೇಳಿದ ಯಾವ ಗಂಡಾಂತರವೂ ಇರಲಿಲ್ಲ. ಅಕ್ಕನ ದನಿ ತಗ್ಗಿತ್ತು. ‘ಇಷ್ಟು ದಿನ ಯೋಚ್ನೆ ಮಾಡಿದೆ. ನೀನಾಗೇ ನನ್ನ ಬಿಡೋನಲ್ಲ. ಯಾರು ಬ್ಯಾಡ ಅಂದ್ರು ಹೇಳು. ವಿಶಾಲೀನಾ?’

‘ಛೆ ಛೆ, ಇಲ್ಲಕ್ಕ’ ಎನ್ನಲು ನಾನು ಬಾಯಿ ತೆರೆದೆ. ತೆರೆಯುತ್ತಲೇ ನಾಲ್ಕು ಹೆಜ್ಜೆ ಹಾಕಿದೆ. ಆ ನಾಲ್ಕು ಹೆಜ್ಜೆಯ ಕೊನೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇತ್ತು. ಎಂದೋ ಒಂದು ಪ್ರಶ್ನೆಪತ್ರಿಕೆಯ ಪ್ರತಿ ತೆಗೆಸುವಾಗ ಆ ಅಂಗಡಿಯ ವೈಫೈ ಬಳಸಿದ್ದೆ. ಭಾನುವಾರ, ಅಂಗಡಿಗೆ ಅರ್ಧ ಬಾಗಿಲು. ಅಂಗಡಿಯವನು ವೈಫೈ ಡಬ್ಬಿ ಆರಿಸಿರಲಿಲ್ಲ. ಇಂಟರ್ನೆಟ್ಟಿನ ಹಣ ಮಾತ್ರ ಕಟ್ಟಿರಲಿಲ್ಲವೆಂದು ಆಮೇಲೆ ತಿಳಿಯಿತು. ನನ್ನ ಫೋನು ನಾಲ್ಕು ಗೆರೆಯ ಟವರನ್ನು ಬಿಟ್ಟು, ಹಳೆಯ ಗೆಳೆಯನನ್ನು ಕಂಡವರ ಹಾಗೆ ಆ ಖಾಲಿ ವೈಫೈಯನ್ನು ತಬ್ಬಿಕೊಂಡಿತು. ಪರದೆಯಲ್ಲಿ ಅಕ್ಕನ ಮುಖ ಗಟ್ಟಿಯಾಗಿ ನಿಂತಿತು. ‘ವಿಶಾಲೀನಾ?’ ಎಂಬ ಪ್ರಶ್ನೆಗೆ ನನ್ನ ಕಡೆಯಿಂದ ಹೋದದ್ದು ಮೌನ. ಮೌನ ಸಮ್ಮತಿ ಲಕ್ಷಣವೆಂದು ಎಲ್ಲರಿಗೂ ಗೊತ್ತು. ಅಕ್ಕನಿಗಂತೂ ಚೆನ್ನಾಗಿ ಗೊತ್ತು.

ಯಾವ ತಪ್ಪೂ ಮಾಡದೆ ಮನೆಯಲ್ಲಿ ಉಂಡೆ ಕಟ್ಟುತ್ತಿದ್ದ ವಿಶಾಲ, ಹೀಗೆ ಒಂದು ಜೆರಾಕ್ಸ್ ಅಂಗಡಿಯ ಕೃಪೆಯಿಂದ ಅಪರಾಧಿಯಾದಳು. ಇನ್ನು ಫೋನನ್ನು ನಂಬಿದರೆ ಎರಡು ಮನೆ ಒಡೆಯುತ್ತವೆ ಎನಿಸಿತು. ಎದುರಿಗೇ ನಿಂತಿದ್ದ ಹರಿಹರದ ಬಸ್ಸು ಹತ್ತಿದೆ.

ಬಸ್ಸಿನಲ್ಲೂ ಬುದ್ಧಿ ಬರಲಿಲ್ಲ. ಕರೆ ಮಾಡುತ್ತಲೇ ಇದ್ದೆ. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಐದಾರು ಸಲ ನೋಡಿ ಕೇಳಿಯೇಬಿಟ್ಟಳು.

‘ಯಾರಿಗ್ರಿ ಇಷ್ಟೊಂದು ಸಲ?’

‘ಅಕ್ಕನಿಗೆ.’

‘ಎತ್ತವಲ್ಲರಾ?’

‘ಇಲ್ಲಮ್ಮ. ನೆಟ್‌ವರ್ಕ್ ಸಮಸ್ಯೆ. ನಾನು ಹೇಳೋದು ಅವರಿಗೆ ಕೇಳಿಸ್ತಿಲ್ಲ.’

‘ಇಷ್ಟು ಸಲ ಎತ್ತಿಲ್ಲ ಅಂದ್ರೆ, ಕೇಳಿಸೈತೆ ಬಿಡ್ರಿ ಅವ್ರಿಗೆ’ ಎಂದು ಆಕೆ ಕಿಟಕಿಯ ಕಡೆ ತಿರುಗಿದಳು.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಭಾವ ಪಕ್ಕದ ಸಾರಥಿ ಹಳ್ಳಿಯಲ್ಲಿರುವ ಗದ್ದೆಗೆ ಹೋಗಿದ್ದರು. ಅಕ್ಕ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ, ‘ಓಹೋ, ಇವತ್ತು ಪೂರ್ತಿ ಬಂದೀಯಲ್ಲ!’ ಎಂದಳು. ಒಗ್ಗರಣೆ ಮಂಡಕ್ಕಿಯ ತಟ್ಟೆ ತಂದು ಮುಂದಿಟ್ಟಳು. ಸಿಟ್ಟಿದ್ದರೂ ತಿನ್ನಲು ಕೊಡುವುದನ್ನು ನಮ್ಮ ಕಡೆಯವರು ನಿಲ್ಲಿಸುವುದಿಲ್ಲ; ಖಾರ ಮಾತ್ರ ಒಂದು ಹಿಡಿ ಮುಂದಿರುತ್ತದೆ. ವಿಶಾಲಳಿಗೆ ಎಲ್ಲಿದ್ದೇನೆಂದು ತಿಳಿಸೋಣವೆಂದು ಫೋನು ತೆಗೆದೆ. ಅಲ್ಲಿ ಟವರಿನದು ಒಂದೇ ಗೆರೆ.

‘ನಿಮ್ಮ ವೈಫೈ ಪಾಸ್‌ವರ್ಡ್ ಏನಕ್ಕ?’

‘ಮಾತಾಡೋಕೆ ಬಂದಿರೋದು ನನ್ನ ಹತ್ರ. ಪಾಸ್‌ವರ್ಡ್ ತಗಂಡು ಯಾರ ಹತ್ರ ಮಾತಾಡ್ತೀ? ಒಳಗಿಡು ಅದನ್ನ.’

ಇಟ್ಟೆ. ಆಮೇಲೆ ನಾನು ಮಂಜಣ್ಣ ಹೇಳಿದ್ದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. ಗೇಟು, ಹೊಂಗೆ ಮರ, ನಡುವಿನ ಎಂಟು ಹೆಜ್ಜೆ, ಫೋನಿನ ಮೋಹ, ಜೆರಾಕ್ಸ್ ಅಂಗಡಿ, ಯಾವುದನ್ನೂ ಬಿಡಲಿಲ್ಲ. ನೆಲದ ಮೇಲೆ ಮಂಡಕ್ಕಿ ಇಟ್ಟು ನಕ್ಷೆಯನ್ನೂ ತೋರಿಸಿದೆ. ಶೇಂಗಾ ಬೀಜ ಟವರ್. ಸಮಾಜ ವಿಜ್ಞಾನದ ಮೇಷ್ಟ್ರಾದದ್ದು ಸಾರ್ಥಕವಾಯಿತೆನಿಸಿತು. ಅಕ್ಕ ಪೂರ್ತಿ ಕೇಳಿದಳು. ಆ ಮೇಲೆ ಟವರನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

‘ಎಲ್ಲಾ ಖರೆ ಇರ್ಬೋದು. ನಾನು ವಿಡಿಯೊದಾಗೆ ನೋಡ್ತಿದ್ದೆ. ಮಂಡಿನೋವು ಕೇಳಿದಾಗ ನಿನ್ನ ಹಿಂದೆ ಷೋಕೇಸು ಇತ್ತು. ಸೊಸೆ ಸುದ್ದಿ ಹೇಳಿದಾಗ ಷೋಕೇಸೇ ಇತ್ತು. ಯಾಕ ಕರೀಲಿಲ್ಲ ಅಂದ ಕೂಡ್ಲೆ ಹಿಂದೆ ಗ್ವಾಡೆ ಓಡ್ತು, ತುಳಸಿಕಟ್ಟೆ ಓಡ್ತು, ನೀಲಿ ಗೇಟು ಬಂತು, ಕಟ್ಟಾತು. ಮೂರು ಸಲಾನೂ ಹಂಗೆ. ಗೇಟು ಕಂಡ್ರೆ ಫೋನು ಕಟ್ಟಾಗ್ತೈತೆ, ಒಪ್ಪಿದೆ. ಆದ್ರೆ ಆ ಪ್ರಶ್ನೆ ಕೇಳಿದ್ರೆ ಗೇಟು ಯಾಕ ಕಾಣ್ತೈತೋ?’

ಇಷ್ಟು ವರ್ಷ ಪಾಠ ಮಾಡಿದ್ದೇನೆ. ಇಷ್ಟು ನೆಟ್ಟಗಿನ ಪ್ರಶ್ನೆಯನ್ನು ಒಂದು ಪತ್ರಿಕೆಯಲ್ಲೂ ಕೇಳಿಲ್ಲ. ಮಂಜಣ್ಣ ಓಡಾಡಿ ನೋಡಿದ್ದು ಫೋನನ್ನು. ಕಾಲನ್ನು ಯಾರೂ ಪರೀಕ್ಷಿಸಿರಲಿಲ್ಲ. ವಿಶಾಲಳಿಗೆ ಕೇಳಿಸಬಾರದ, ಅಕ್ಕನಿಗೆ ಹೇಳಲಾಗದ ಮಾತು ಬಂದಾಗಲೆಲ್ಲ ನಾನು ಮನೆಯಿಂದ ಹೊರಗೆ ನಡೆಯುತ್ತಿದ್ದೆ. ಮಾತು ಎಷ್ಟು ಬಿಗಿಯೋ ಅಷ್ಟು ದೂರ. ಕರೆ ಕಡಿದಾಗ ‘ಥೂ, ದರಿದ್ರ ನೆಟ್‌ವರ್ಕ್’ ಎಂದು ಬೈಯುತ್ತಿದ್ದೆನಲ್ಲ, ಆ ಬೈಗುಳದ ಅಡಿಯಲ್ಲಿ ಒಂದು ಸಣ್ಣ ಸಮಾಧಾನವೂ ಇದ್ದದ್ದು ಈಗ ನೆನಪಾಯಿತು.

ಏಳೋಣವೆಂದು ನೋಡಿದೆ. ‘ಕುಂದ್ರು’ ಎಂದಳು ಅಕ್ಕ. ಕೂತೆ. ಕೂತೇ ಹೇಳಿದೆ.

ಎರಡು ವರ್ಷದ ಹಿಂದೆ ಪಲ್ಲವಿಗೆ ಒಂದು ಸಂಬಂಧ ಬಂದಿತ್ತು. ಆವತ್ತು ಅಕ್ಕ ಬಂದಿದ್ದಳು. ಉಪ್ಪಿಟ್ಟು ಕೇಸರಿಬಾತು ಮುಗಿದು ಎಲ್ಲರೂ ನಗುನಗುತ್ತಿರುವಾಗ ಅಕ್ಕ ಹುಡುಗನ ತಾಯಿಯನ್ನು ಕೇಳಿದಳು: ‘ನಿಮ್ಮನೆಯಾಗೆ ಹುಡುಗ ಉಂಡ ತಟ್ಟೆ ಯಾರು ಎತ್ತುತಾರ್ರಿ?’ ಆ ತಾಯಿ ಕೆಂಪಗಾಗಿ, ‘ನಮ್ಮನೆ ಗಂಡಸ್ರಿಗೆ ತಟ್ಟೆ ಎತ್ತೋ ಪದ್ಧತಿ ಇಲ್ಲ’ ಎಂದರು. ‘ಹಂಗಾದ್ರೆ ಎತ್ತೋಕೆ ಹುಡುಗಿ ನೋಡೋಕೆ ಬಂದೀರಿ’ ಎಂದಳು ಅಕ್ಕ. ಅವರು ಊರು ಮುಟ್ಟಿದ ಮೇಲೆ ತಿಳಿಸುತ್ತೇವೆಂದು ಹೋದರು. ಇವತ್ತಿಗೂ ಊರು ಮುಟ್ಟಿದ ಹಾಗಿಲ್ಲ. ಈ ಸಲವೂ ಹಾಗಾದೀತೆಂದು ನಾನೇ ಹೆದರಿ ಕರೆಯಲಿಲ್ಲ. ‘ಅಕ್ಕನ್ನ ಕರೀರಿ’ ಎಂದು ವಿಶಾಲ ಎರಡು ಸಲ ಹೇಳಿದ್ದಳು.

ಅಕ್ಕ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಬೇಜಾರಾಗಿತ್ತು, ಅದು ಗೊತ್ತಾಗುತ್ತಿತ್ತು. ‘ನಂಗೆ ಗೊತ್ತಿತ್ತು ಬಿಡು. ನಿನ್ನ ಬಾಯಿಂದ ಬರ್ಲಿ ಅಂತಿದ್ದೆ. ಇಷ್ಟು ಹೇಳೋಕೆ ಟವರು, ಮರ, ಜೆರಾಕ್ಸು ಎಲ್ಲಾ ಬೇಕಾತೇನೋ ನಿಂಗೆ? ಪಾಪ, ಆ ಹುಡುಗಿ ವಿಶಾಲಿ ಮ್ಯಾಲೆ ಅನುಮಾನ ಪಟ್ಟೆನಲ್ಲ ನಾನು.’ ನಾನು ಹೊರಡುವಾಗ, ‘ಬರ್ತೀನಿ. ಆದ್ರೆ ಬಾಯಿಗೆ ಬೀಗ ಹಾಕ್ಕಂಡು ಬರಲ್ಲ, ಈಗ್ಲೇ ಹೇಳೀನಿ’ ಎಂದಳು.

ಬಂದಳು. ಉಡಿ ತುಂಬಿದಳು. ಪಲ್ಲವಿಯ ಮುಖ ಅರಳಿತು. ವಿಶಾಲಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಏನು ಹೇಳಿದಳೋ, ಇಬ್ಬರೂ ಕಣ್ಣೊರೆಸಿಕೊಂಡು ಬಂದರು. ಊಟಕ್ಕೆ ಕೂತಾಗ ನಾನು ಬೀಗಿತ್ತಿಯಾಗಲಿರುವ ಹುಡುಗನ ತಾಯಿಯಿಂದ ಅಕ್ಕನನ್ನು ನಾಲ್ಕು ಎಲೆ ದೂರ ಕೂರಿಸಿದ್ದೆ. ಪ್ರಯೋಜನವಾಗಲಿಲ್ಲ. ಹೋಳಿಗೆ ಬಡಿಸುವಾಗ, ನಾಲ್ಕು ಎಲೆಯ ಮೇಲಿಂದ ಆ ಪ್ರಶ್ನೆ ಹಾದುಹೋಯಿತು: ‘ಅಕ್ಕಾರೆ, ನಿಮ್ಮನೆಯಾಗೆ ಹುಡುಗ ಉಂಡ ತಟ್ಟೆ ಯಾರು ಎತ್ತುತಾರ್ರಿ?’

ಪಂಕ್ತಿಯೇ ನಿಂತಿತು. ಆ ತಾಯಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಗಂಡನ ಕಡೆ ಬೆರಳು ತೋರಿಸಿದರು. ‘ಇವ್ರ ತಟ್ಟೆ ಇವತ್ತಿಗೂ ನಾನೇ ಎತ್ತೋದ್ರಿ. ಮಗಂದು ಮಗನೇ ಎತ್ತಿ ತೊಳೀತಾನೆ. ಅವ್ನು ಹುಟ್ಟೋ ಹೊತ್ತಿಗೆ ನಂಗೆ ಬುದ್ಧಿ ಬಂದಿತ್ತು.’ ಹೆಂಗಸರ ಪಂಕ್ತಿ ಗೊಳ್ಳೆಂದು ನಕ್ಕಿತು. ಬೀಗರು ಎಲೆ ನೋಡಿಕೊಂಡರು. ವಿಶಾಲ ನನ್ನನ್ನು ನೋಡಿದಳು. ನಾನೂ ಎಲೆ ನೋಡಿಕೊಂಡೆ.

ಆವತ್ತಿನಿಂದ ಅಕ್ಕ ಮತ್ತು ಬೀಗಿತ್ತಿ ಜೀವದ ಗೆಳತಿಯರು. ದಿನಕ್ಕೊಂದು ವಿಡಿಯೊ ಕರೆ. ಇಬ್ಬರೂ ಮಂಡಿನೋವಿನವರು, ಕೂತಲ್ಲಿಂದ ಏಳುವುದಿಲ್ಲ; ಕರೆ ಒಮ್ಮೆಯೂ ಕಡಿದಿಲ್ಲವಂತೆ. ಮದುವೆ ಯಾವ ತಿಂಗಳು, ಊಟಕ್ಕೆ ಏನು, ಸೀರೆ ಎಲ್ಲಿ ತೆಗೆಯುವುದು ಎಲ್ಲ ಆ ಕರೆಗಳಲ್ಲೇ ತೀರ್ಮಾನವಾಗಿ, ಹರಿಹರದಿಂದ ವಿಶಾಲಳಿಗೆ ಬಂದು, ಅಲ್ಲಿಂದ ನನಗೆ ಸಿಗುತ್ತದೆ. ಹೋದ ವಾರ ಕಲ್ಯಾಣ ಮಂಟಪ ಗೊತ್ತು ಮಾಡಿದ ಸುದ್ದಿ ನನಗೆ ಗೊತ್ತಾದದ್ದು ಹಾಲು ಹಾಕುವವನಿಂದ. ಹುಡುಗಿಯ ತಂದೆ ನಾನು. ಸ್ವಲ್ಪ ಕೋಪ ಬಂತು. ಅಕ್ಕನಿಗೆ ಫೋನ್ ಮಾಡಿ, ಆದಷ್ಟು ಮೆತ್ತಗೆ ಕೇಳಿದೆ:

‘ಅಲ್ಲಕ್ಕ, ಮಂಟಪ ನೋಡೋಕೆ ಹೋದ ದಿನ ನನ್ನನ್ಯಾಕೆ ಕರೀಲಿಲ್ಲ?’

ಅಕ್ಕ ಒಂದು ಕ್ಷಣವೂ ತಡವರಿಸಲಿಲ್ಲ. ‘ನೀನು ಬಂದ್ರೆ ಮಾತು ಕೆಡ್ತೈತೆ ಅಂತ ಹೆದ್ರಿಕಿ ಆತಪ್ಪ, ಅದ್ಕೇ ಕರೀಲಿಲ್ಲ. ಬೇಜಾರಾತಾ?’

ನಾನು ಹಾಲ್‌ನ ನಡುವೆ ಕುರ್ಚಿಯಲ್ಲಿ ಕೂತಿದ್ದೆ. ಪರದೆಯಲ್ಲಿ ಅಕ್ಕನ ಮುಖ ಕನ್ನಡಿಯಲ್ಲಿ ಕಂಡಷ್ಟು ಸ್ವಚ್ಛವಾಗಿ ಕಾಣುತ್ತಿತ್ತು; ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಕರೆ ಕಡಿದೀತೆಂದು ನಾನೂ ಸ್ವಲ್ಪ ಹೊತ್ತು ಕಾದೆ. ಕಡಿಯಲಿಲ್ಲ.